ಡಿ ಅಂಡ್ ಡಿ ಆಟದಲ್ಲಿ ಒಳ್ಳೆಯ ಹೀಲರ್ ಆಗುವುದು ಹೇಗೆ: ಕ್ಲಾಸ್ ಆಯ್ಕೆಯಿಂದ ಜೀವ ಮರಳಿಸುವ ಮಂತ್ರದವರೆಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅಂದರೆ ಟೇಬಲ್ ಸುತ್ತ ಕೂತು, ದಾಳ ಹಾಕುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಕತೆಯ ಆಟ. ಅದನ್ನು ಆಡಲು ಹೊಸದಾಗಿ ಕೂತ ಗುಂಪಿನಲ್ಲಿ ಮೊದಲ ತಕರಾರು ಹುಟ್ಟುವುದೇ ಇಲ್ಲಿ. ಒಬ್ಬರಿಗೆ ದೊಡ್ಡ ಕತ್ತಿ ಬೇಕು. ಒಬ್ಬರಿಗೆ ಬೆಂಕಿಯುಂಡೆ ಎಸೆಯಬೇಕು. ಇನ್ನೊಬ್ಬರಿಗೆ ಬೀಗ ತೆಗೆಯುವ ಕಳ್ಳ ಆಗಬೇಕು. 'ಸರಿ, ಗಾಯ ವಾಸಿಮಾಡುವ ಹೀಲರ್ ಯಾರು?' ಅಂದ ಕೂಡಲೇ ಎಲ್ಲರೂ ಮೊಬೈಲ್ ನೋಡಲು ಶುರು ಮಾಡುತ್ತಾರೆ. ಕೊನೆಗೆ ತಡವಾಗಿ ಬಂದವರ ತಲೆಗೆ ಅದನ್ನು ಕಟ್ಟುತ್ತಾರೆ.

ಅವರು ಪಾಪ, ಇಡೀ ಸಂಜೆ ಪಕ್ಕದವರ ಗಾಯಕ್ಕೆ ಮದ್ದು ಹಚ್ಚುತ್ತಾ ಕೂರುತ್ತಾರೆ. ಬೋರ್ ಆಗುತ್ತದೆ. ಅಷ್ಟು ಮಾಡಿಯೂ ಗುಂಪು ಸೋಲುತ್ತದೆ. ಕಾರಣ ಸರಳ. ಕಂಪ್ಯೂಟರ್ ಆಟಗಳಲ್ಲಿ ಕಲಿತ ಹೀಲಿಂಗ್ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಈ ಆಟದ ಹೀಲರ್ ಕಾಳಗದ ನಡುವೆ ಗಾಯ ಎಣಿಸುತ್ತಾ ಕೂರಬಾರದು. ಬಿದ್ದವರನ್ನು ಸರಿಯಾದ ಹೊತ್ತಿಗೆ ಎಬ್ಬಿಸಬೇಕು. ಉಳಿದ ಹೊತ್ತು ಏಟೇ ಬೀಳದ ಹಾಗೆ ನೋಡಿಕೊಳ್ಳಬೇಕು. ಪೂರ್ತಿ ಚಿಕಿತ್ಸೆ ಏನಿದ್ದರೂ ಕಾಳಗ ಮುಗಿದ ಮೇಲೆ.

ಇಲ್ಲಿ ಹೇಳುವುದೆಲ್ಲ 2014ರಲ್ಲಿ ಬಂದ ಐದನೇ ಆವೃತ್ತಿಯ ನಿಯಮ. 2024ರಲ್ಲಿ ಪರಿಷ್ಕೃತ ಪುಸ್ತಕ ಬಂದಿದೆ. ಅದರಲ್ಲಿ ಹೀಲಿಂಗ್ ಸಾಕಷ್ಟು ಬದಲಾಗಿದೆ, ಆ ವಿಷಯ ಕೊನೆಯ ಹಂತದಲ್ಲಿದೆ. ಶುರು ಮಾಡಲು ಪುಸ್ತಕ ಕೊಳ್ಳಲೇಬೇಕು ಅಂತೇನಿಲ್ಲ. 2014ರ ನಿಯಮಗಳ ಮುಖ್ಯ ಭಾಗ 'ಎಸ್‌ಆರ್‌ಡಿ 5.1' ಅನ್ನುವ ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತದೆ. 2023ರ ಜನವರಿಯಿಂದ ಅದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಕೆಳಗೆ ನಾನು ಕಟ್ಟುವ ಪಾತ್ರ ಪೂರ್ತಿ ಅದರೊಳಗಿನದ್ದೇ.

ದಾಳದ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು: 1ಡಿ8 ಅಂದರೆ ಎಂಟು ಮುಖದ ದಾಳ ಒಂದು, 2ಡಿ4 ಅಂದರೆ ನಾಲ್ಕು ಮುಖದ ದಾಳ ಎರಡು. ಅಷ್ಟೇ.

ಹಂತ 1: ಸೊನ್ನೆಗೆ ಬಂದರೆ ಏನಾಗುತ್ತದೆ ಅಂತ ತಿಳಿಯಿರಿ

ಹಿಟ್ ಪಾಯಿಂಟ್ ಅಂದರೆ ಪಾತ್ರದ ಜೀವದ ಲೆಕ್ಕ, ಏಟು ಬಿದ್ದಷ್ಟೂ ಕಡಿಮೆಯಾಗುತ್ತದೆ. ಅದು 28 ಇರುವ ಫೈಟರ್ (ಯೋಧ) ಎಷ್ಟು ಬಲವಾಗಿ ಹೊಡೆಯುತ್ತಾನೋ, 1 ಉಳಿದಿರುವ ಫೈಟರ್ ಕೂಡ ಅಷ್ಟೇ ಬಲವಾಗಿ ಹೊಡೆಯುತ್ತಾನೆ. ಈ ಆಟದಲ್ಲಿ ಗಾಯ ಆದವನಿಗೆ ಸುಸ್ತು, ನೋವು ಯಾವುದೂ ಇಲ್ಲ. ಬದುಕಿರುವವರೆಗೂ ಪೂರ್ತಿ ಬಲ, ಸೊನ್ನೆಗೆ ಬಂದರೆ ಪ್ರಜ್ಞೆ ತಪ್ಪಿ ನೆಲಕ್ಕೆ.

ಬಿದ್ದ ಮೇಲೆ ತನ್ನ ಪ್ರತಿ ಟರ್ನ್ (ಸರದಿ) ಶುರುವಿನಲ್ಲೂ 20 ಮುಖದ ದಾಳ ಹಾಕಬೇಕು. ಇದಕ್ಕೆ ಡೆತ್ ಸೇವ್ ಅನ್ನುತ್ತಾರೆ. 10 ಅಥವಾ ಹೆಚ್ಚು ಬಿದ್ದರೆ ಪಾಸ್, ಕಡಿಮೆ ಬಿದ್ದರೆ ಫೇಲ್. ಮೂರು ಪಾಸ್ ಆದರೆ ಜೀವ ನಿಲ್ಲುತ್ತದೆ, ಎಚ್ಚರ ಮಾತ್ರ ಆಗುವುದಿಲ್ಲ. ಮೂರು ಫೇಲ್ ಆದರೆ ಸಾವು. 1 ಬಿದ್ದರೆ ಎರಡು ಫೇಲ್ ಲೆಕ್ಕ. 20 ಬಿದ್ದರೆ 1 ಹಿಟ್ ಪಾಯಿಂಟ್ ಜೊತೆ ಎದ್ದು ಕೂರಬಹುದು, ಟೇಬಲ್ ಸುತ್ತ ಕೂಗಾಟ ಏಳುವುದು ಆಗಲೇ.

ಇನ್ನೊಂದು ನಿಯಮ ಇದಕ್ಕಿಂತ ಮುಖ್ಯ. ಸೊನ್ನೆಯ ಕೆಳಗೆ ಲೆಕ್ಕ ಹೋಗುವುದಿಲ್ಲ. 1 ಉಳಿದಿರುವವನಿಗೆ 13ರ ಏಟು ಬಿದ್ದರೆ ಹೋಗುವುದು ಆ ಒಂದು ಮಾತ್ರ. ಉಳಿದ 12 ಗಾಳಿಗೆ. ಅಂದರೆ ಶತ್ರುವಿನ ಏಟಿನ ಹೆಚ್ಚಿನ ಪಾಲು ದಂಡವಾಯಿತು. ಅದೇ ಫೈಟರ್‌ಗೆ ನೀವು ಮುಂಚೆಯೇ 10 ತುಂಬಿಸಿದ್ದರೆ? ಆ ಹತ್ತೂ ಅದೇ ಏಟಿನಲ್ಲಿ ಹೋಗುತ್ತಿತ್ತು, ಅವನು ಹೇಗೂ ಬೀಳುತ್ತಿದ್ದ. ಬಿದ್ದ ಮೇಲೆ ಕೊಟ್ಟ 5 ಪಾಯಿಂಟ್, ಬೀಳುವ ಮೊದಲು ಕೊಟ್ಟ 10ಕ್ಕಿಂತ ಬೆಲೆಬಾಳುವುದು ಹೀಗೆ.

ಒಂದು ಎಚ್ಚರಿಕೆ ಇದೆ. ಸೊನ್ನೆ ಮುಟ್ಟಿದ ಮೇಲೆ ಮಿಕ್ಕ ಏಟು ಪಾತ್ರದ ಗರಿಷ್ಠ ಹಿಟ್ ಪಾಯಿಂಟ್‌ಗೆ ಸಮ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನೇರ ಸಾವು, ಡೆತ್ ಸೇವ್ ಕೂಡ ಇಲ್ಲ. ಒಂದನೇ ಲೆವೆಲ್‌ನಲ್ಲಿ, ಅದರಲ್ಲೂ 7, 8 ಹಿಟ್ ಪಾಯಿಂಟ್ ಇಟ್ಟುಕೊಂಡು ಓಡಾಡುವ ವಿಝರ್ಡ್‌ಗೆ (ಮಂತ್ರವಾದಿ), ಇದು ನಿಜವಾದ ಅಪಾಯ. ಹಾಗಾಗಿ ಶುರುವಿನ ಎರಡು ಲೆವೆಲ್ ಸ್ವಲ್ಪ ಧಾರಾಳವಾಗಿ ಹೀಲ್ ಮಾಡಿ, ಪರವಾಗಿಲ್ಲ.

ಹಂತ 2: ಶತ್ರುವಿನ ಏಟಿನ ಪಕ್ಕದಲ್ಲಿ ನಿಮ್ಮ ಮಂತ್ರ ಇಟ್ಟು ನೋಡಿ

ಓಗರ್ ಅನ್ನುವ ದೈತ್ಯನನ್ನು ತೆಗೆದುಕೊಳ್ಳೋಣ. ಎರಡು ಮೂರನೇ ಲೆವೆಲ್‌ನಲ್ಲಿ ಎದುರಾಗುವ ಮಾಮೂಲಿ ಶತ್ರು. ಹಿಟ್ ಪಾಯಿಂಟ್ 59. ಅದರ ದೊಡ್ಡ ದೊಣ್ಣೆಯ ಏಟು 2ಡಿ8+4, ಸರಾಸರಿ 13.

ನಿಮ್ಮ ಕೈಯಲ್ಲಿರುವುದು ಕ್ಯೂರ್ ವೂಂಡ್ಸ್. 1ಡಿ8 ಜೊತೆಗೆ ನಿಮ್ಮ ಮಂತ್ರಶಕ್ತಿಯ ಅಂಕ. ಆ ಅಂಕ 3 ಅಂತಿಟ್ಟುಕೊಂಡರೆ ಸರಾಸರಿ 7.5. ಒಂದು ಪೂರ್ತಿ ಆ್ಯಕ್ಷನ್ (ಆ ಟರ್ನ್‌ನ ಮುಖ್ಯ ಕೆಲಸ), ಒಂದು ಸ್ಪೆಲ್ ಸ್ಲಾಟ್ (ದಿನಕ್ಕೆ ಇಷ್ಟೇ ಅಂತ ಇರುವ ಮಂತ್ರದ ಅವಕಾಶ) ಎರಡೂ ಖರ್ಚು. ಮುಟ್ಟಿಯೇ ಹಾಕಬೇಕಾದ್ದರಿಂದ ಓಗರ್ ಪಕ್ಕಕ್ಕೇ ಹೋಗಿ ನಿಲ್ಲಬೇಕು. ಇಷ್ಟೆಲ್ಲ ಮಾಡಿ 7.5 ಕೊಟ್ಟಿರಿ, ಓಗರ್ ಒಂದೇ ಏಟಿಗೆ 13 ಕಿತ್ತುಕೊಂಡಿತು. ಈ ಓಟದಲ್ಲಿ ನೀವು ಗೆಲ್ಲುವುದಿಲ್ಲ.

ಹೀಲಿಂಗ್ ವರ್ಡ್ ಇನ್ನೂ ಕಡಿಮೆ: 1ಡಿ4+3, ಸರಾಸರಿ 5.5. ಆದರೂ ಅನುಭವಿ ಆಟಗಾರರು ಮೊದಲು ಬರೆದುಕೊಳ್ಳುವುದು ಇದನ್ನೇ. ಇದು ಬೋನಸ್ ಆ್ಯಕ್ಷನ್, ಅಂದರೆ ಮುಖ್ಯ ಆ್ಯಕ್ಷನ್ ಬಿಟ್ಟು ಸಿಗುವ ಚಿಕ್ಕ ಅವಕಾಶ. 60 ಅಡಿ ದೂರದಿಂದ ನಡೆಯುತ್ತದೆ. ಬಾಯಿಮಾತು ಸಾಕು, ಕೈ ಖಾಲಿ ಇರಬೇಕಿಲ್ಲ. ಬಿದ್ದವನನ್ನು ಎಬ್ಬಿಸಲು ಬೇಕಿರುವುದು 1 ಪಾಯಿಂಟ್ ತಾನೇ? ಅದಕ್ಕೆ 5 ಧಾರಾಳ ಆಯಿತು. ನಿಮ್ಮ ಮುಖ್ಯ ಆ್ಯಕ್ಷನ್ ಬೇರೆ ಕೆಲಸಕ್ಕೆ ಉಳಿಯಿತು.

ಇನ್ನು ಏಟು ತಪ್ಪಿಸುವ ಲೆಕ್ಕ ನೋಡಿ. ಆರ್ಮರ್ ಕ್ಲಾಸ್ ಅಂದರೆ ಏಟು ತಾಗಲು ಶತ್ರು ಮುಟ್ಟಬೇಕಾದ ಅಂಕ. ಅದು 18 ಇರುವ ಫೈಟರ್‌ಗೆ ಓಗರ್ ತಾಗಬೇಕಾದರೆ, ಅದರ ದಾಳಿಯ 6 ಸೇರಿಸಿಕೊಂಡರೂ, ದಾಳದಲ್ಲಿ 12 ಅಥವಾ ಮೇಲೆ ಬೀಳಬೇಕು. ಶೀಲ್ಡ್ ಆಫ್ ಫೇತ್ ಹಾಕಿದರೆ ಆರ್ಮರ್ ಕ್ಲಾಸ್ 20 ಆಗುತ್ತದೆ, ಆಗ 14 ಬೇಕು. ಹತ್ತು ನಿಮಿಷ ಉಳಿಯುವ ಮಂತ್ರ, ಒಂದೇ ಸ್ಲಾಟ್, ಅದೂ ಬೋನಸ್ ಆ್ಯಕ್ಷನ್. ತಪ್ಪಿದ ಒಂದೊಂದು ಏಟೂ ನಿಮ್ಮ ಲೆಕ್ಕಕ್ಕೆ 13ರ ಹೀಲಿಂಗ್.

ಹಂತ 3: ಕ್ಲಾಸ್ ಆರಿಸಿ

ಕ್ಲಾಸ್ ಅಂದರೆ ಪಾತ್ರದ ಕಸುಬು. ಹೀಲರ್ ಅಂದ ಕೂಡಲೇ ಕ್ಲೆರಿಕ್ (ದೇವರ ಪುರೋಹಿತ) ನೆನಪಾಗುವುದು ಸಹಜ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಮೊದಲ ಆಟದಲ್ಲಿದ್ದ ಮೂರೇ ಕ್ಲಾಸ್‌ಗಳಲ್ಲಿ ಇದೂ ಒಂದು. ಅದು ಹುಟ್ಟಿದ ಕತೆ ಮಾತ್ರ ಮಜವಾಗಿದೆ. ಆರ್ನೆಸನ್ ನಡೆಸುತ್ತಿದ್ದ ಬ್ಲ್ಯಾಕ್‌ಮೂರ್ ಆಟದಲ್ಲಿ ಒಬ್ಬ ಆಟಗಾರನ ರಕ್ತಪಿಶಾಚಿ ಪಾತ್ರ, ಸರ್ ಫ್ಯಾಂಗ್ ಅಂತ, ಎಲ್ಲರ ಕೈಮೀರಿ ಬೆಳೆದುಬಿಟ್ಟಿತ್ತು. ಅದನ್ನು ಅಡಗಿಸಲು ಸಿನಿಮಾದ ಪಿಶಾಚಿ ಬೇಟೆಗಾರರ ಮಾದರಿಯಲ್ಲಿ ಒಬ್ಬ ಪುರೋಹಿತನನ್ನು ತಂದರು. ಅವನೇ ಕ್ಲೆರಿಕ್. ಆ ಮೊದಲ ನಿಯಮದಲ್ಲಿ ಒಂದನೇ ಲೆವೆಲ್ ಕ್ಲೆರಿಕ್‌ಗೆ ಒಂದು ಮಂತ್ರವೂ ಇರಲಿಲ್ಲ! ದಪ್ಪ ಕವಚ, ಗದೆ, ಪಿಶಾಚಿ ಓಡಿಸುವ ಶಕ್ತಿ, ಅಷ್ಟೇ. ಹಾಗಾಗಿ ಕ್ಲೆರಿಕ್ ಆಡುತ್ತಾ ಗದೆ ಬೀಸಲು ಸಂಕೋಚಪಡಬೇಡಿ. ಹುಟ್ಟಿದ್ದೇ ಅದಕ್ಕೆ.

ಐದನೇ ಆವೃತ್ತಿಯಲ್ಲಿ ಕ್ಲೆರಿಕ್ ತನ್ನ ದೇವರಿಗೆ ತಕ್ಕ ಹಾಗೆ ಒಂದು 'ಡೊಮೈನ್' ಆರಿಸುತ್ತಾನೆ. ಹೀಲಿಂಗ್‌ಗೆ ಲೈಫ್ ಡೊಮೈನ್. ಒಂದನೇ ಲೆವೆಲ್‌ನಿಂದಲೇ ಪ್ರತಿ ಹೀಲಿಂಗ್ ಮಂತ್ರಕ್ಕೂ 2 ಜೊತೆಗೆ ಮಂತ್ರದ ಲೆವೆಲ್ (ಪಾತ್ರದ ಲೆವೆಲ್ ಬೇರೆ, ಮಂತ್ರದ ಲೆವೆಲ್ ಬೇರೆ) ಸೇರಿ ಹೆಚ್ಚುವರಿ ಪಾಯಿಂಟ್ ಬರುತ್ತದೆ. ಅಂದರೆ ಮೊದಲ ಲೆವೆಲ್ ಮಂತ್ರಕ್ಕೆ 3 ಹೆಚ್ಚು. ಭಾರಿ ಕವಚ ಹಾಕುವ ಹಕ್ಕೂ ಸಿಗುತ್ತದೆ. ಎರಡನೇ ಲೆವೆಲ್‌ಗೆ ಪ್ರಿಸರ್ವ್ ಲೈಫ್ ಬರುತ್ತದೆ: ನಿಮ್ಮ ಕ್ಲೆರಿಕ್ ಲೆವೆಲ್‌ನ ಐದರಷ್ಟು ಪಾಯಿಂಟ್‌ಗಳನ್ನು 30 ಅಡಿಯೊಳಗಿನವರಿಗೆ ಇಷ್ಟಬಂದಂತೆ ಹಂಚಬಹುದು. ಆದರೆ ಯಾರನ್ನೂ ಅವರ ಗರಿಷ್ಠದ ಅರ್ಧಕ್ಕಿಂತ ಮೇಲೆ ಒಯ್ಯುವಂತಿಲ್ಲ.

ಪ್ಯಾಲಡಿನ್ (ಧರ್ಮಯೋಧ) ಬಗ್ಗೆ ಜನ ಅಷ್ಟಾಗಿ ಯೋಚಿಸುವುದಿಲ್ಲ. ನನ್ನ ಪ್ರಕಾರ ಬಿದ್ದವರನ್ನು ಎಬ್ಬಿಸುವುದರಲ್ಲಿ ಪ್ಯಾಲಡಿನ್‌ನಷ್ಟು ಮಿತವ್ಯಯಿ ಇನ್ನೊಬ್ಬರಿಲ್ಲ. ಲೇ ಆನ್ ಹ್ಯಾಂಡ್ಸ್ ಅನ್ನುವ ಶಕ್ತಿಯಲ್ಲಿ ಲೆವೆಲ್‌ನ ಐದರಷ್ಟು ಪಾಯಿಂಟ್ ಇರುತ್ತದೆ. ಐದನೇ ಲೆವೆಲ್‌ಗೆ 25. ದಾಳ ಹಾಕುವುದಿಲ್ಲ, ಬೇಕಾದಷ್ಟೇ ಎಣಿಸಿ ಕೊಡುವುದು. ಬಿದ್ದವನಿಗೆ ಒಂದೇ ಪಾಯಿಂಟ್ ಕೊಟ್ಟು ಎಬ್ಬಿಸಿದರೆ 24 ಇನ್ನೂ ಜೇಬಿನಲ್ಲಿ. 5 ಪಾಯಿಂಟ್ ಕೊಟ್ಟು ವಿಷ ಅಥವಾ ಒಂದು ರೋಗ ತೆಗೆಯಬಹುದು. ಕೊರತೆ ಅಂದರೆ ಮುಟ್ಟಲೇಬೇಕು, ಪೂರ್ತಿ ಆ್ಯಕ್ಷನ್ ಹೋಗುತ್ತದೆ.

ಡ್ರೂಯಿಡ್ (ಪ್ರಕೃತಿಯ ಮಂತ್ರಗಾರ) ಮತ್ತು ಬಾರ್ಡ್ (ಹಾಡುಗಾರ) ಇಬ್ಬರಿಗೂ ಕ್ಯೂರ್ ವೂಂಡ್ಸ್, ಹೀಲಿಂಗ್ ವರ್ಡ್ ಎರಡೂ ಸಿಗುತ್ತವೆ. ಡ್ರೂಯಿಡ್ ಕೈಯಲ್ಲಿ ಗುಡ್‌ಬೆರಿ ಇದೆ: ಒಂದು ಸ್ಲಾಟ್‌ಗೆ ಹತ್ತು ಹಣ್ಣು, ಒಂದೊಂದಕ್ಕೆ 1 ಪಾಯಿಂಟ್, 24 ಗಂಟೆ ಕೆಡುವುದಿಲ್ಲ, ಒಂದು ಹಣ್ಣು ತಿಂದರೆ ಇಡೀ ದಿನದ ಊಟ ಆದಂತೆ. ಬಾರ್ಡ್‌ಗೆ ಎರಡನೇ ಲೆವೆಲ್‌ನಿಂದ ಸಾಂಗ್ ಆಫ್ ರೆಸ್ಟ್. ವಿಶ್ರಾಂತಿ ಹೊತ್ತಿನಲ್ಲಿ ಹಾಡಿದರೆ, ಹಿಟ್ ಡೈಸ್ (ಚೇತರಿಕೆಯ ದಾಳ, ಹಂತ 7ರಲ್ಲಿ ಹೇಳುತ್ತೇನೆ) ಖರ್ಚು ಮಾಡಿ ಚೇತರಿಸಿಕೊಳ್ಳುವ ಪ್ರತಿಯೊಬ್ಬರಿಗೂ 1ಡಿ6 ಹೆಚ್ಚು. ಬಾರ್ಡ್ ಕಲಿಯುವ ಮಂತ್ರಗಳ ಸಂಖ್ಯೆ ಕಡಿಮೆ, ಹಾಗಾಗಿ ಎರಡರಲ್ಲಿ ಒಂದೇ ಸಾಕು ಅನಿಸಿದರೆ ಹೀಲಿಂಗ್ ವರ್ಡ್ ಇಟ್ಟುಕೊಳ್ಳಿ. ರೇಂಜರ್‌ಗೆ ಎರಡನೇ ಲೆವೆಲ್‌ನಿಂದ ಕ್ಯೂರ್ ವೂಂಡ್ಸ್, ಗುಡ್‌ಬೆರಿ ಸಿಗುತ್ತವೆ, ಸ್ಲಾಟ್ ಮಾತ್ರ ಬೆರಳೆಣಿಕೆ.

ಲೈಫ್ ಕ್ಲೆರಿಕ್ ಒಬ್ಬರು ಒಂದು ಲೆವೆಲ್ ಡ್ರೂಯಿಡ್ ಕಲಿತು ಗುಡ್‌ಬೆರಿ ಹಾಕಿದರೆ ಒಂದೊಂದು ಹಣ್ಣಿಗೂ ಆ ಹೆಚ್ಚುವರಿ 3 ಸೇರುತ್ತದೆ. ಹತ್ತು ಹಣ್ಣಿಗೆ 40 ಪಾಯಿಂಟ್! ನಿಯಮದ ಪ್ರಕಾರ ಇದು ಸರಿಯೇ. ಆದರೂ ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಮುಖ ನೋಡಿಕೊಂಡು ಮಾಡಿ.

ಮಂತ್ರವೇ ಬೇಡ ಅನ್ನುವವರಿಗೂ ದಾರಿ ಇದೆ. ಹೀಲರ್ಸ್ ಕಿಟ್ ಅಂದರೆ ಬ್ಯಾಂಡೇಜ್ ಚೀಲ, 5 ಚಿನ್ನದ ನಾಣ್ಯ, ಹತ್ತು ಸಲ ಬಳಸಬಹುದು. ದಾಳ ಹಾಕದೆಯೇ ಬಿದ್ದವರ ಜೀವ ನಿಲ್ಲಿಸಬಹುದು. ಇದರ ಜೊತೆ ಹೀಲರ್ ಅನ್ನುವ ಫೀಟ್ (ವಿಶೇಷ ಕೌಶಲ) ತೆಗೆದುಕೊಂಡರೆ ಬಿದ್ದವರು 1 ಪಾಯಿಂಟ್‌ನೊಂದಿಗೆ ಏಳುತ್ತಾರೆ. ರೋಗ್ ಕ್ಲಾಸ್‌ನ ಥೀಫ್ ಇದನ್ನು ಬೋನಸ್ ಆ್ಯಕ್ಷನ್‌ನಲ್ಲೇ ಮಾಡುತ್ತಾನೆ. ಗುಂಪಿನಲ್ಲಿ ಯಾರೂ ದೇವರ ಭಕ್ತರಲ್ಲ ಅಂದರೂ ಆಟ ನಿಲ್ಲುವುದಿಲ್ಲ. ಈ ಫೀಟ್ ಮಾತ್ರ ಉಚಿತ ಪಿಡಿಎಫ್‌ನಲ್ಲಿಲ್ಲ, ಪುಸ್ತಕದಲ್ಲಿದೆ.

ಹಂತ 4: ಪಾತ್ರ ಕಟ್ಟಿ

ಹೆಸರು ಕಲ್ಲಮ್ಮ. ಹಿಲ್ ಡ್ವಾರ್ಫ್, ಲೈಫ್ ಕ್ಲೆರಿಕ್. ಗುಡ್ಡಗಾಡಿನ ಕುಳ್ಳ ಜನ, ಕಲ್ಲಿನ ಜೊತೆ ಒಡನಾಟ. ಹೆಸರು ಸುಮ್ನೆ ಬಂದದ್ದಲ್ಲ.

ಪಾತ್ರದ ಆರು ಗುಣಗಳಿಗೆ ಹಂಚಬೇಕಾದ ನಿಗದಿತ ಅಂಕಗಳು 15, 14, 13, 12, 10, 8. ಕ್ಲೆರಿಕ್ ಮಂತ್ರಕ್ಕೆ ಬೇಕಾದ್ದು ವಿಸ್‌ಡಮ್ (ವಿವೇಕ), ಅಲ್ಲಿಗೆ 15. ಹಿಲ್ ಡ್ವಾರ್ಫ್‌ಗೆ ವಿಸ್‌ಡಮ್ 1 ಹೆಚ್ಚು, ಆಯಿತು 16. ಕಾನ್‌ಸ್ಟಿಟ್ಯೂಶನ್‌ಗೆ (ದೇಹದ ಗಟ್ಟಿತನ) 14, ಡ್ವಾರ್ಫ್ ಆದ್ದರಿಂದ 2 ಸೇರಿ 16. ಅಂಕ 16 ಇದ್ದರೆ ಸಿಗುವ ಬೋನಸ್ +3, ಎರಡಕ್ಕೂ ಅಷ್ಟೇ. ಸ್ಟ್ರೆಂತ್ 13, ಕರಿಸ್ಮಾ 12, ಇಂಟೆಲಿಜೆನ್ಸ್ 10, ಡೆಕ್ಸ್ಟೆರಿಟಿಗೆ ಉಳಿದ 8. ಚೈನ್ ಮೇಲ್ (ಭಾರಿ ಕವಚ) ಹಾಕುವವಳಿಗೆ ಚುರುಕುತನದ ಅಂಕದಿಂದ ರಕ್ಷಣೆ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಅದಕ್ಕೇ ಅಲ್ಲಿ ಜಿಪುಣತನ.

ಚೈನ್ ಮೇಲ್ 16, ಗುರಾಣಿ 2, ಒಟ್ಟು ಆರ್ಮರ್ ಕ್ಲಾಸ್ 18. ಶುರುವಿನ ಸಾಮಾನಿನಲ್ಲೇ ಇವೆರಡೂ ಸಿಗುತ್ತವೆ. ಹಿಟ್ ಪಾಯಿಂಟ್ 8, ಕಾನ್‌ಸ್ಟಿಟ್ಯೂಶನ್ 3, ಹಿಲ್ ಡ್ವಾರ್ಫ್ ಆದ್ದಕ್ಕೆ 1, ಒಟ್ಟು 12. ಒಂದನೇ ಲೆವೆಲ್‌ಗೆ ಇದು ಫೈಟರ್‌ಗೆ ಸಮ. ಹೀಲರ್ ಮೊದಲು ತಾನು ಬೀಳಬಾರದು, ಅಲ್ವಾ?

ಹಂತ 5: ಮಂತ್ರ ಆರಿಸಿ

ಕ್ಲೆರಿಕ್ ಪ್ರತಿದಿನ ಬೆಳಿಗ್ಗೆ ವಿಸ್‌ಡಮ್ ಬೋನಸ್ ಮತ್ತು ಲೆವೆಲ್ ಸೇರಿಸಿದಷ್ಟು ಮಂತ್ರ ಸಿದ್ಧ ಮಾಡಿಕೊಳ್ಳಬಹುದು. ಕಲ್ಲಮ್ಮನಿಗೆ 3+1, ಅಂದರೆ ನಾಲ್ಕು. ಲೈಫ್ ಡೊಮೈನ್ ಆದ್ದರಿಂದ ಬ್ಲೆಸ್ ಮತ್ತು ಕ್ಯೂರ್ ವೂಂಡ್ಸ್ ಈ ಲೆಕ್ಕದ ಹೊರಗೆ ಯಾವಾಗಲೂ ಸಿದ್ಧ. ಇವನ್ನೇ ಮತ್ತೆ ಬರೆದುಕೊಂಡು ಜಾಗ ವ್ಯರ್ಥ ಮಾಡುವವರು ಬಹಳ ಜನ.

ನಾಲ್ಕರಲ್ಲಿ ಮೊದಲನೆಯದು ಹೀಲಿಂಗ್ ವರ್ಡ್, ಚರ್ಚೆಯೇ ಬೇಡ. ಎರಡನೆಯದು ಶೀಲ್ಡ್ ಆಫ್ ಫೇತ್. ಮೂರನೆಯದು ಗೈಡಿಂಗ್ ಬೋಲ್ಟ್, 4ಡಿ6 ಏಟು ಕೊಡುತ್ತದೆ, ಮುಂದೆ ಹೊಡೆಯುವವರಿಗೆ ಅನುಕೂಲವನ್ನೂ ಮಾಡುತ್ತದೆ. ನಾಲ್ಕನೆಯದು ಸ್ಯಾಂಕ್ಚುಯರಿ. ಗಾಯಗೊಂಡ ವಿಝರ್ಡ್ ಮೇಲೆ ಇದನ್ನು ಹಾಕಿದರೆ ಅವನ ಮೇಲೆ ಕೈ ಎತ್ತುವ ಶತ್ರು ಮೊದಲು ಸೇವ್ (ಮಂತ್ರದ ಪರಿಣಾಮ ತಪ್ಪಿಸಿಕೊಳ್ಳಲು ಹಾಕುವ ದಾಳ) ಪಾಸ್ ಆಗಬೇಕು. ಸ್ಲಾಟ್ ಖರ್ಚಾಗದ ಕ್ಯಾಂಟ್ರಿಪ್‌ಗಳು ಮೂರು: ಸೇಕ್ರೆಡ್ ಫ್ಲೇಮ್, ಗೈಡೆನ್ಸ್, ಮೂರನೆಯದು ನಿಮ್ಮಿಷ್ಟ. ಸ್ಪೇರ್ ದ ಡೈಯಿಂಗ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಅದು ಮಾಡುವ ಕೆಲಸವನ್ನು 5 ನಾಣ್ಯದ ಹೀಲರ್ಸ್ ಕಿಟ್ ಮಾಡುತ್ತದೆ.

ಮೂರನೇ ಲೆವೆಲ್‌ಗೆ ಸ್ಪಿರಿಚುಯಲ್ ವೆಪನ್ ಮತ್ತು ಲೆಸ್ಸರ್ ರೆಸ್ಟೊರೇಶನ್ ಡೊಮೈನ್‌ನಿಂದಲೇ ಬರುತ್ತವೆ. ನೀವು ಸೇರಿಸಬೇಕಾದವು ಎರಡು. ಒಂದು ಏಯ್ಡ್: ಮೂವರ ಗರಿಷ್ಠ ಹಿಟ್ ಪಾಯಿಂಟ್ ಎಂಟು ಗಂಟೆ ಕಾಲ 5 ಹೆಚ್ಚುತ್ತದೆ, ಈಗಿನ ಪಾಯಿಂಟ್ ಕೂಡ 5 ಏರುತ್ತದೆ. ಹಾಗಾಗಿ 30 ಅಡಿಯೊಳಗೆ ಮೂವರು ಒಟ್ಟಿಗೆ ಬಿದ್ದಿದ್ದರೆ ಒಂದೇ ಏಯ್ಡ್‌ಗೆ ಮೂವರೂ ಏಳುತ್ತಾರೆ. ಇನ್ನೊಂದು ಪ್ರೇಯರ್ ಆಫ್ ಹೀಲಿಂಗ್, ಮುಂದೆ ಹೇಳುತ್ತೇನೆ.

ಕೈಗಳ ಬಗ್ಗೆ ಒಂದು ಸೂಕ್ಷ್ಮ. ಕಲ್ಲಮ್ಮನ ಒಂದು ಕೈಯಲ್ಲಿ ಗದೆ, ಇನ್ನೊಂದರಲ್ಲಿ ಗುರಾಣಿ. ಕ್ಯೂರ್ ವೂಂಡ್ಸ್‌ಗೆ ಕೈಸನ್ನೆ ಬೇಕು, ಖಾಲಿ ಕೈ ಇಲ್ಲ. ನಿಯಮ ಪಾಲಿಸುವ ಟೇಬಲ್‌ನಲ್ಲಿ ಗದೆ ಒಳಗಿಟ್ಟೇ ಮಂತ್ರ ಹಾಕಬೇಕು. ಬ್ಲೆಸ್‌ಗೆ ಈ ತೊಂದರೆ ಇಲ್ಲ: ಅದಕ್ಕೆ ವಸ್ತುವೂ ಬೇಕಾದ್ದರಿಂದ ಗುರಾಣಿಯ ಮೇಲೆ ಬರೆದ ದೇವರ ಚಿಹ್ನೆಯೇ ಸಾಕು. ಇದನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳದ ಡಿಎಂಗಳು ಜಾಸ್ತಿ. ಕೇಳಿಕೊಳ್ಳಿ.

ಹಂತ 6: ಕಾಳಗ ಆಡಿ ನೋಡಿ

ಕಲ್ಲಮ್ಮ ಈಗ ಮೂರನೇ ಲೆವೆಲ್. ಹಿಟ್ ಪಾಯಿಂಟ್ 30. ಮೊದಲ ಲೆವೆಲ್ ಸ್ಲಾಟ್ ನಾಲ್ಕು, ಎರಡನೇ ಲೆವೆಲ್ ಸ್ಲಾಟ್ ಎರಡು. ಜೊತೆಗೆ 28 ಪಾಯಿಂಟ್‌ನ ಫೈಟರ್, ಒಬ್ಬ ರೋಗ್, ಒಬ್ಬ ವಿಝರ್ಡ್. ಎದುರಿಗೆ ಎರಡು ಓಗರ್. ಸರದಿ ಹೀಗಿದೆ: ರೋಗ್, ಓಗರ್‌ಗಳು, ಕಲ್ಲಮ್ಮ, ಫೈಟರ್, ವಿಝರ್ಡ್.

ಮೊದಲ ರೌಂಡ್. ಒಂದು ಓಗರ್ ಫೈಟರ್‌ಗೆ 13 ಬಾರಿಸಿತು. 28 ಇದ್ದದ್ದು 15 ಆಯಿತು. ಇನ್ನೊಂದರ ಏಟು ತಪ್ಪಿತು. ಫೈಟರ್ ಆಡುವವರು 'ಹೀಲ್, ಹೀಲ್' ಅನ್ನುತ್ತಾರೆ. ಕೇಳಿಸಿಕೊಳ್ಳಬೇಡಿ. ಬ್ಲೆಸ್ ಹಾಕಿ, ಫೈಟರ್, ರೋಗ್ ಮತ್ತು ನಿಮ್ಮ ಮೇಲೆ. ಒಂದು ನಿಮಿಷ ಕಾಲ ಮೂವರ ದಾಳಿಗೂ ಸೇವ್‌ಗೂ 1ಡಿ4 ಸೇರುತ್ತದೆ. ಶತ್ರು ಒಂದು ರೌಂಡ್ ಮುಂಚೆ ಸತ್ತರೆ ಅದು ಕೊಡಬೇಕಾಗಿದ್ದ ಏಟುಗಳೆಲ್ಲ ಉಳಿದವು.

ಎರಡನೇ ರೌಂಡ್. ಫೈಟರ್‌ಗೆ 14 ಬಿತ್ತು, ಉಳಿದದ್ದು 1. ಕಲ್ಲಮ್ಮನಿಗೂ 11 ಬಿತ್ತು. ಬ್ಲೆಸ್ ಉಳಿಯುವುದು ಹಾಕಿದವರ ಏಕಾಗ್ರತೆಯಿಂದ, ಅಂಥ ಮಂತ್ರ ಒಮ್ಮೆಗೆ ಒಂದೇ. ಏಟು ಬಿದ್ದಾಗ ಅದು ಉಳಿಯಬೇಕಾದರೆ ಕಾನ್‌ಸ್ಟಿಟ್ಯೂಶನ್ ಸೇವ್ ಹಾಕಬೇಕು. ಗುರಿ 10, ಅಥವಾ ಏಟಿನ ಅರ್ಧ, ಯಾವುದು ಹೆಚ್ಚೋ ಅದು. ದಾಳದಲ್ಲಿ 6, ಕಾನ್‌ಸ್ಟಿಟ್ಯೂಶನ್ 3, ಬ್ಲೆಸ್‌ನ ದಾಳದಲ್ಲಿ 3, ಒಟ್ಟು 12. ಉಳಿಯಿತು. ನಿಮ್ಮ ಮೇಲೂ ಬ್ಲೆಸ್ ಹಾಕಿಕೊಳ್ಳಿ ಅಂದದ್ದು ಇದಕ್ಕೇ. ಅದು ತನ್ನನ್ನು ತಾನೇ ಕಾಯುತ್ತದೆ.

ಈಗ ನಿಜವಾದ ಪರೀಕ್ಷೆ. ಒಂದೇ ಪಾಯಿಂಟ್ ಇರುವ ಗೆಳೆಯನನ್ನು ನೋಡಿಕೊಂಡು ಸುಮ್ಮನಿರುವುದು ಕಷ್ಟ. ಕ್ಯೂರ್ ವೂಂಡ್ಸ್ ಹಾಕಿದರೆ ಲೈಫ್ ಡೊಮೈನ್ ಸೇರಿ ಸರಾಸರಿ 10.5. ಫೈಟರ್ 11ಕ್ಕೋ 12ಕ್ಕೋ ಬರುತ್ತಾನೆ. ಮುಂದಿನ ಏಟು 13. ಮತ್ತೆ ನೆಲಕ್ಕೆ. ಅದರ ಬದಲು ಬೋನಸ್ ಆ್ಯಕ್ಷನ್‌ನಲ್ಲಿ ಸ್ಪಿರಿಚುಯಲ್ ವೆಪನ್ ತಂದು ಗಾಯಗೊಂಡ ಓಗರ್‌ಗೆ ಹೊಡೆಯಿರಿ. ಆ್ಯಕ್ಷನ್‌ನಲ್ಲಿ ಸೇಕ್ರೆಡ್ ಫ್ಲೇಮ್. ಬೋನಸ್ ಆ್ಯಕ್ಷನ್‌ನಲ್ಲಿ ಮಂತ್ರ ಹಾಕಿದ ಟರ್ನ್‌ನಲ್ಲಿ ಆ್ಯಕ್ಷನ್‌ಗೆ ಕ್ಯಾಂಟ್ರಿಪ್ ಮಾತ್ರ ಹಾಕಬಹುದು, ಈ ನಿಯಮ ನೆನಪಿರಲಿ. ಫೈಟರ್, ವಿಝರ್ಡ್ ಸೇರಿ ಆ ಓಗರ್ ಕತೆ ಮುಗಿಸಿದರು. ಬೀಳುವ ಏಟು ಅರ್ಧ ಆಯಿತು.

ಮೂರನೇ ರೌಂಡ್. ಉಳಿದ ಓಗರ್ ಫೈಟರ್‌ನನ್ನು ಕೆಡವಿತು. 13ರಲ್ಲಿ 12 ವ್ಯರ್ಥ. ತಕ್ಷಣ ಕಲ್ಲಮ್ಮನ ಸರದಿ. ಬೋನಸ್ ಆ್ಯಕ್ಷನ್: ಹೀಲಿಂಗ್ ವರ್ಡ್. ದಾಳದಲ್ಲಿ 2 ಬಿತ್ತು, 3 ಮತ್ತು 3 ಸೇರಿ 8. ಫೈಟರ್‌ಗೆ ಎಚ್ಚರ ಆಯಿತು. ಆ್ಯಕ್ಷನ್ ಇನ್ನೂ ಕೈಯಲ್ಲಿದೆ. ಪ್ರಿಸರ್ವ್ ಲೈಫ್ ಮಂತ್ರವಲ್ಲ, ಆದ್ದರಿಂದ ಮೇಲಿನ ನಿಯಮ ಅದಕ್ಕೆ ಅಡ್ಡಿಯಿಲ್ಲ. ಇರುವ 15ರಲ್ಲಿ 6 ಕೊಟ್ಟರೆ ಫೈಟರ್ 14ಕ್ಕೆ ಬಂದ, ಅದು ಅವನ 28ರ ಸರಿಯಾಗಿ ಅರ್ಧ. ಓಗರ್‌ನ ಸರಾಸರಿ ಏಟಿಗೆ ಒಂದು ಪಾಯಿಂಟ್ ಹೆಚ್ಚು. ಉಳಿದ 9 ಅರ್ಧಕ್ಕಿಂತ ಕೆಳಗಿರುವ ಬೇರೆಯವರಿಗೆ. ಮುಂದಿನ ಸರದಿ ಫೈಟರ್‌ನದ್ದೇ. ಅರ್ಧ ನಡಿಗೆ ಖರ್ಚು ಮಾಡಿ ಎದ್ದು ನಿಂತ, ಕತ್ತಿ ಎತ್ತಿ ಬೀಸಿದ. ಅವನ ಒಂದು ಟರ್ನ್ ಕೂಡ ಹಾಳಾಗಲಿಲ್ಲ.

ಸರದಿಯನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಿಮ್ಮ ಟರ್ನ್ ಆದ ಮೇಲೆ, ಬಿದ್ದವನ ಟರ್ನ್‌ಗೆ ಮೊದಲು, ಓಗರ್ ಇದ್ದರೆ ನೀವು ಎಬ್ಬಿಸಿದವನನ್ನು ಅದು ಮತ್ತೆ ಕೆಡವುತ್ತದೆ. ನಿಮ್ಮ ಸ್ಲಾಟ್ ದಂಡ. ಅಂಥ ಸಂದರ್ಭದಲ್ಲಿ ಶತ್ರುವಿನ ಸರದಿ ಮುಗಿದ ಮೇಲೆ ಹೀಲ್ ಮಾಡಬಲ್ಲ ಇನ್ನೊಬ್ಬರಿದ್ದರೆ ಕೆಲಸ ಅವರಿಗೆ ಬಿಡಿ. ಹೀಲಿಂಗ್ ಇಬ್ಬರಲ್ಲಿ ಹಂಚಿಹೋಗಿದ್ದರೆ ಒಳ್ಳೆಯದು ಅನ್ನುವುದು ಇದಕ್ಕೇ.

ಈ ಕಾಯುವ ಆಟ ಎಲ್ಲ ಶತ್ರುಗಳ ಹತ್ತಿರ ನಡೆಯುವುದಿಲ್ಲ. ಓಗರ್ ಮಂದಬುದ್ಧಿ, ಎದುರು ನಿಂತವನನ್ನು ಹೊಡೆಯುತ್ತದೆ. ಬುದ್ಧಿ ಇರುವ ಶತ್ರು ನೀವು ಎಬ್ಬಿಸುತ್ತಿರುವುದನ್ನು ಗಮನಿಸಿ ಬಿದ್ದವನಿಗೇ ಇರಿಯಬಹುದು. ಪ್ರಜ್ಞೆ ಇಲ್ಲದವನಿಗೆ 5 ಅಡಿಯೊಳಗಿಂದ ತಾಗಿದ ಏಟು ತಾನಾಗಿಯೇ ಕ್ರಿಟಿಕಲ್ (ಮರ್ಮಕ್ಕೆ ಬಿದ್ದ ಏಟು), ಒಂದೇ ಏಟಿಗೆ ಎರಡು ಡೆತ್ ಸೇವ್ ಫೇಲ್. ಎರಡು ಏಟು ಬಿದ್ದರೆ ಪಾತ್ರ ಸತ್ತಂತೆ. ನಿಮ್ಮ ಡಿಎಂ ಹಾಗೆ ಆಡಿಸುವವರಾದರೆ ಸೊನ್ನೆವರೆಗೆ ಕಾಯಬೇಡಿ.

ಹಂತ 7: ಕಾಳಗದ ನಂತರ ಗಾಯ ತುಂಬಿಸಿ

ಕಲ್ಲಮ್ಮನ ಹತ್ತಿರ ಎರಡನೇ ಲೆವೆಲ್ ಸ್ಲಾಟ್ ಒಂದು ಉಳಿದಿದೆ. ಅದರಲ್ಲಿ ಕ್ಯೂರ್ ವೂಂಡ್ಸ್ ಹಾಕಿದರೆ 2ಡಿ8+3, ಲೈಫ್ ಡೊಮೈನ್‌ನ 4 ಸೇರಿ ಸರಾಸರಿ 16, ಒಬ್ಬರಿಗೆ. ಅದೇ ಸ್ಲಾಟ್‌ನಲ್ಲಿ ಪ್ರೇಯರ್ ಆಫ್ ಹೀಲಿಂಗ್ ಹಾಕಿದರೂ ಅದೇ 16. ಆದರೆ ಆರು ಜನರವರೆಗೆ, ಪ್ರತಿಯೊಬ್ಬರಿಗೂ! ನಾಲ್ವರ ಗುಂಪಿಗೆ ಸುಮಾರು 64. ಹತ್ತು ನಿಮಿಷ ಪ್ರಾರ್ಥನೆ ಮಾಡಬೇಕು ಅನ್ನುವುದೊಂದೇ ಷರತ್ತು. ಕಾಳಗ ಮುಗಿದ ಮೇಲೆ ಹತ್ತು ನಿಮಿಷ ಏನು ಮಹಾ?

ಇದಕ್ಕೂ ಮೊದಲು ಉಚಿತವಾದದ್ದನ್ನು ಬಳಸಿ. ಶಾರ್ಟ್ ರೆಸ್ಟ್ ಅಂದರೆ ಒಂದು ಗಂಟೆ ವಿಶ್ರಾಂತಿ. ಆಗ ಪ್ರತಿಯೊಬ್ಬರೂ ತಮ್ಮ ಹಿಟ್ ಡೈಸ್ ಹಾಕಿ ಚೇತರಿಸಿಕೊಳ್ಳಬಹುದು. ಲೆವೆಲ್‌ಗೆ ಒಂದರಂತೆ ಡೈಸ್ ಇರುತ್ತವೆ, ಪ್ರತಿ ಡೈಸ್‌ಗೂ ಕಾನ್‌ಸ್ಟಿಟ್ಯೂಶನ್ ಬೋನಸ್ ಸೇರುತ್ತದೆ. ಹೊಸಬರು ಇದನ್ನು ಮರೆತು ಕ್ಲೆರಿಕ್ ಹತ್ತಿರ ಸಾಲುಗಟ್ಟಿ ನಿಲ್ಲುತ್ತಾರೆ. ಮೊದಲು ನಿಮ್ಮ ಡೈಸ್ ಹಾಕಿ ಅಂತ ಮುಖಕ್ಕೆ ಹೇಳಿ. ಕಲ್ಲಮ್ಮನ ಪ್ರಿಸರ್ವ್ ಲೈಫ್ ಕೂಡ ಶಾರ್ಟ್ ರೆಸ್ಟ್ ಆದರೆ ಮರಳಿ ಬರುತ್ತದೆ, ಆದ್ದರಿಂದ ಇನ್ನೂ ಬಳಸಿರದಿದ್ದರೆ ವಿಶ್ರಾಂತಿಗೆ ಕೂರುವ ಮೊದಲು ಬಳಸಿಬಿಡಿ. ಎಂಟು ಗಂಟೆಯ ಲಾಂಗ್ ರೆಸ್ಟ್ ಆದರೆ ಹಿಟ್ ಪಾಯಿಂಟ್ ಪೂರ್ತಿ ಭರ್ತಿ. ಹಿಟ್ ಡೈಸ್ ಮಾತ್ರ ಒಟ್ಟು ಸಂಖ್ಯೆಯ ಅರ್ಧದಷ್ಟೇ ಮರಳುತ್ತವೆ.

50 ನಾಣ್ಯದ ಹೀಲಿಂಗ್ ಪೋಶನ್ ಎಲ್ಲರ ಚೀಲದಲ್ಲೂ ಒಂದಿರಲಿ. 2ಡಿ4+2, ಅಷ್ಟೇನೂ ದೊಡ್ಡದಲ್ಲ. ಆದರೆ ಬಿದ್ದದ್ದು ಹೀಲರ್ ಆದರೆ? ಯಾರಾದರೂ ಬಾಯಿಗೆ ಸುರಿಯಲು ಒಂದು ಬಾಟಲಿ ಬೇಕು.

ಹಂತ 8: ಸಾವಿಗೂ ತಯಾರಿ ಇರಲಿ

ಐದನೇ ಲೆವೆಲ್‌ಗೆ ಕಲ್ಲಮ್ಮನಿಗೆ ರಿವೈವಿಫೈ ಬರುತ್ತದೆ. ಸತ್ತು ಒಂದು ನಿಮಿಷ ದಾಟಿರಬಾರದು. 300 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಮಂತ್ರ ಹಾಕಿದಾಗ ಅದು ಕರಗಿಹೋಗುತ್ತದೆ. ಸತ್ತವರು 1 ಪಾಯಿಂಟ್‌ನೊಂದಿಗೆ ಏಳುತ್ತಾರೆ. ಮಂತ್ರ ಇದೆ, ಸ್ಲಾಟ್ ಇದೆ, ವಜ್ರ ಮಾತ್ರ ಇಲ್ಲ ಅನ್ನುವ ಪರಿಸ್ಥಿತಿ ಎಷ್ಟು ಟೇಬಲ್‌ಗಳಲ್ಲಿ ಬಂದಿದೆಯೋ! ನಾಲ್ಕನೇ ಲೆವೆಲ್‌ನಲ್ಲೇ ದುಡ್ಡು ಕೂಡಿಸಿ ಕೊಂಡಿಡಿ, ಎಲ್ಲರಿಂದಲೂ ವಂತಿಗೆ ಎತ್ತಿ. ವಜ್ರ ಬಳಸುವುದು ಅವರ ಮೇಲೇ ತಾನೇ.

ನಿಮಿಷ ದಾಟಿದರೆ ರೇಝ್ ಡೆಡ್. ಐದನೇ ಲೆವೆಲ್ ಮಂತ್ರ, ಕ್ಲೆರಿಕ್‌ಗೆ ಒಂಬತ್ತನೇ ಲೆವೆಲ್‌ನಲ್ಲಿ ಸಿಗುತ್ತದೆ. 500 ನಾಣ್ಯದ ವಜ್ರ, ಹತ್ತು ದಿನದೊಳಗೆ ಸತ್ತವರು. ಎದ್ದು ಬಂದವರ ದಾಳಿ, ಸೇವ್ ಎಲ್ಲಕ್ಕೂ 4 ಕಡಿಮೆ, ಒಂದೊಂದು ಲಾಂಗ್ ರೆಸ್ಟ್‌ಗೆ ಒಂದೊಂದು ಸರಿಹೋಗುತ್ತದೆ. ರಿಸರೆಕ್ಷನ್‌ಗೆ 1,000 ನಾಣ್ಯದ ವಜ್ರ, ನೂರು ವರ್ಷದ ಮಿತಿ. ಟ್ರೂ ರಿಸರೆಕ್ಷನ್‌ಗೆ 25,000 ನಾಣ್ಯದ ವಜ್ರ, 200 ವರ್ಷದ ಮಿತಿ, ದೇಹವೇ ಇಲ್ಲದಿದ್ದರೂ ನಡೆಯುತ್ತದೆ. ಆ ಮಟ್ಟ ಮುಟ್ಟುವ ಹೊತ್ತಿಗೆ ಈ ಮಾರ್ಗದರ್ಶಿ ನಿಮಗೆ ಬೇಕಾಗುವುದಿಲ್ಲ.

ಹಂತ 9: ಯಾವ ನಿಯಮ ಅಂತ ಮೊದಲೇ ಕೇಳಿ

2024ರ ಪುಸ್ತಕದಲ್ಲಿ ಕ್ಯೂರ್ ವೂಂಡ್ಸ್ 2ಡಿ8, ಹೀಲಿಂಗ್ ವರ್ಡ್ 2ಡಿ4 ಆಗಿದೆ. ಮೂರನೇ ಲೆವೆಲ್ ಲೈಫ್ ಕ್ಲೆರಿಕ್ ಕ್ಯೂರ್ ವೂಂಡ್ಸ್ ಹಾಕಿದರೆ ಸರಾಸರಿ 15, ಅಂದರೆ ಓಗರ್‌ನ 13ರ ಏಟಿಗಿಂತ ಜಾಸ್ತಿ. ಅಲ್ಲಿ ಕಾಳಗದ ನಡುವೆ ಹೀಲ್ ಮಾಡುವುದಕ್ಕೂ ಅರ್ಥ ಬಂದಿದೆ. ಪೋಶನ್ ಕುಡಿಯುವುದು, ಲೇ ಆನ್ ಹ್ಯಾಂಡ್ಸ್ ಎರಡೂ ಬೋನಸ್ ಆ್ಯಕ್ಷನ್ ಆಗಿವೆ. ಲಾಂಗ್ ರೆಸ್ಟ್ ಆದರೆ ಹಿಟ್ ಡೈಸ್ ಎಲ್ಲವೂ ಮರಳುತ್ತವೆ.

ಕಳೆದುಕೊಂಡದ್ದೂ ಇದೆ. ಲೈಫ್ ಡೊಮೈನ್ ಸಿಗುವುದು ಮೂರನೇ ಲೆವೆಲ್‌ಗೆ, ಒಂದನೇ ಲೆವೆಲ್‌ಗಲ್ಲ. ಬಾರ್ಡ್‌ನ ಸಾಂಗ್ ಆಫ್ ರೆಸ್ಟ್ ಹೋಗಿದೆ. ಸ್ಪಿರಿಚುಯಲ್ ವೆಪನ್‌ಗೆ ಏಕಾಗ್ರತೆ ಬೇಕು, ಹಾಗಾಗಿ ಮೇಲೆ ಕಲ್ಲಮ್ಮ ಮಾಡಿದ ಹಾಗೆ ಬ್ಲೆಸ್ ಜೊತೆ ಅದನ್ನು ಒಟ್ಟಿಗೆ ಇಟ್ಟುಕೊಳ್ಳಲು ಬರುವುದಿಲ್ಲ. ಪ್ರೇಯರ್ ಆಫ್ ಹೀಲಿಂಗ್ ಐದು ಜನಕ್ಕೆ ಇಳಿದಿದೆ. ಒಂದು ಸಲ ಅದರ ಲಾಭ ಪಡೆದವರು ಲಾಂಗ್ ರೆಸ್ಟ್ ಆಗುವವರೆಗೆ ಮತ್ತೆ ಪಡೆಯುವಂತಿಲ್ಲ, ಆದರೆ ಜೊತೆಗೆ ಶಾರ್ಟ್ ರೆಸ್ಟ್‌ನ ಲಾಭವನ್ನೂ ಕೊಡುತ್ತದೆ.

ಒಂದೇ ಟೇಬಲ್‌ನಲ್ಲಿ ಒಬ್ಬರು ಹಳೆಯ ಪಿಡಿಎಫ್, ಇನ್ನೊಬ್ಬರು ಹೊಸ ಪುಸ್ತಕ ಹಿಡಿದು ಕೂರುವುದು ಈಗ ಮಾಮೂಲಿ. ಪಾತ್ರ ಬರೆಯಲು ಕೂರುವ ಮೊದಲು ಡಿಎಂಗೆ ಎರಡು ಪ್ರಶ್ನೆ ಕೇಳಿ: ಕ್ಯೂರ್ ವೂಂಡ್ಸ್‌ಗೆ ದಾಳ ಒಂದೋ ಎರಡೋ, ಮತ್ತು ನಿಮ್ಮ ಶತ್ರುಗಳು ಬಿದ್ದವರನ್ನು ಹೊಡೆಯುತ್ತಾರೋ ಇಲ್ಲವೋ. ಈ ಎರಡಕ್ಕೆ ಉತ್ತರ ಸಿಕ್ಕ ಮೇಲೆ ಮಂತ್ರದ ಪಟ್ಟಿ ಬರೆಯಿರಿ.